ತಾಳವಾಡಿಯಿಂದ ಕಾಗದದ ಗಿರಣಿಗೆ

ತಾಳವಾಡಿಯ ಬಯಲಿನಿಂದ ತಮಿಳು ಸೀಮೆಯ ತಗ್ಗಿಗೆ ಇಳಿಯುವವರು ಹಾಸನೂರನ್ನು ದಾಟಿ ದಿಂಬಂ ಘಾಟಿಯ ನೆತ್ತಿಗೆ ಬರಬೇಕು. ಅಲ್ಲಿಂದ ಬಣ್ಣಾರಿ ಮಾರಮ್ಮನ ಗುಡಿಯ ಕಡೆಗೆ ಇಳಿಯುವ ದಾರಿಯಲ್ಲಿ 27 ಕಡಿದಾದ ತಿರುವುಗಳು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. 2022ರಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಇಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಬೆಳಕು ಹರಿಯುವ ಹೊತ್ತಿಗೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಎಲೆಕೋಸು, ಆಲೂಗಡ್ಡೆ, ಬಾಳೆಗೊನೆಗಳನ್ನು ಹೊತ್ತ ಆ ಸಾಲಿನಲ್ಲಿ ಕಳೆದ ತಿಂಗಳು ನಾನು ಕುಳಿತಿದ್ದ ಲಾರಿಯೂ ಒಂದಾಗಿತ್ತು. ಅದರೊಳಗೆ ಇದ್ದದ್ದು ಬೆಳೆಯಲ್ಲ. ಬಾಯಿ ಹೊಲಿದು ಅರಗಿನ ಮುದ್ರೆಯೊತ್ತಿದ 42 ಚೀಲ ಹಳೆಯ ಕಾಗದ.

ನಮ್ಮ ಸೀಮೆಯ ಮಂಡಿಯೊಂದು ಈ ವರ್ಷ ಬಾಗಿಲು ಮುಚ್ಚಿತು. ಎರಡು ತಲೆಮಾರು ಗೊಬ್ಬರ, ಬಿತ್ತನೆ ಬೀಜ ಮಾರಿ, ರೈತರ ಬೆಳೆಯನ್ನು ಕಮಿಷನ್ ಮೇಲೆ ವಿಕ್ರಯಿಸಿಕೊಡುತ್ತಿದ್ದ ವ್ಯಾಪಾರ ಅದು. ಮಕ್ಕಳು ದೂರದ ನಗರಗಳಲ್ಲಿ ಉದ್ಯೋಗಸ್ಥರಾದರು, ಯಜಮಾನರಿಗೆ ವಯಸ್ಸಾಯಿತು. ಕಟ್ಟಡವನ್ನು ತೆರವು ಮಾಡುವ ಮುನ್ನ ಅಟ್ಟದ ಮೇಲಿನ ಕಾಗದಗಳ ವಿಲೇವಾರಿಗಾಗಿ ಅವರು ನನ್ನನ್ನು ಕರೆಸಿದರು.

“ವಕೀಲ್ರೇ, ತೂಕಕ್ಕ ಹಾಕುದ್ರ ನಾಕು ಕಾಸಾದ್ರೂ ಬತ್ತುದ. ಸುಮ್ಮನ ಯಾಕ ಕೆಳಕ್ಕ ಹೊತ್ಕೊಂಡು ಹೋಗ್ಬೇಕು?” ಎಂದು ಅವರು ಕೇಳಿದರು.

ಉತ್ತರವಾಗಿ ನಾನು ಒಂದು ಕಟ್ಟನ್ನು ಬಿಚ್ಚಿ ಅವರ ಮುಂದೆ ಹರಡಿದೆ. ಆಧಾರ್ ಚೀಟಿಯ ಪ್ರತಿಗಳು, ಪಡಿತರ ಚೀಟಿಯ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು, ಭಾವಚಿತ್ರಗಳು, ಹೆಬ್ಬೆಟ್ಟಿನ ಗುರುತುಗಳು. ಬೆಳೆಯ ಮೇಲೆ ಮುಂಗಡ ಪಡೆದ ಪ್ರತಿಯೊಬ್ಬ ರೈತನೂ ಇವನ್ನು ಕೊಟ್ಟು ಹೋಗಿದ್ದ. ಮುಂಗಡ ತೀರಿತ್ತು; ಕಾಗದ ಉಳಿದಿತ್ತು. ಕಟ್ಟಿನ ತಳದಲ್ಲಿ ಪ್ರಾಮಿಸರಿ ನೋಟುಗಳಿದ್ದವು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಇದೆ. ಮೊತ್ತದ ಜಾಗ ಖಾಲಿ, ದಿನಾಂಕದ ಜಾಗ ಖಾಲಿ.

ಈ ಖಾಲಿ ಜಾಗದ ಅಪಾಯವನ್ನು ಗಡಿನಾಡಿನ ನಮ್ಮ ಕುಟುಂಬಗಳು ಚೆನ್ನಾಗಿ ಅರಿಯಬೇಕು. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 20ನೆಯ ಪ್ರಕರಣದಂತೆ, ಸ್ಟಾಂಪು ಹಚ್ಚಿ ಸಹಿ ಮಾಡಿದ ಅಪೂರ್ಣ ಪತ್ರವನ್ನು ಒಬ್ಬನ ಕೈಗೆ ಕೊಟ್ಟರೆ, ಆ ಸ್ಟಾಂಪಿಗೆ ಸಲ್ಲುವ ಮೊತ್ತದವರೆಗೆ ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೂ ಕೊಟ್ಟಂತೆ ಎಂದು ಮೇಲ್ನೋಟಕ್ಕೆ ಗ್ರಹಿಸಲಾಗುತ್ತದೆ. ನೋಟಿನ ಮೇಲೆ ದಾವೆ ಹೂಡಲು ಕಾಲಮಿತಿ 3 ವರ್ಷವೇನೋ ಹೌದು. ಆದರೆ ದಿನಾಂಕವನ್ನೇ ಬರೆಯದ ನೋಟಿನ ವಯಸ್ಸನ್ನು ಎಣಿಸುವುದು ಹೇಗೆ? ಅದನ್ನು ಹಿಡಿದವನು ಇಂದಿನ ದಿನಾಂಕ ಬರೆದರೆ ಅದು ಇಂದೇ ಹುಟ್ಟುತ್ತದೆ. ತಾನು ಸಾಲ ತೀರಿಸಿದ್ದೆನೆಂದು ರುಜುವಾತುಪಡಿಸುವ ಹೊರೆ ಬಡ ರೈತನ ತಲೆಯ ಮೇಲೆ ಬೀಳುತ್ತದೆ. ತೂಕಕ್ಕೆ ಕೊಡುವ ಕಾಗದದಲ್ಲಿ ಇಂಥದೊಂದು ಹಾಳೆ ದುರುಳನ ಕೈಗೆ ಸಿಕ್ಕಿದರೆ ಸಾಕು, ಒಂದು ಮನೆ ನ್ಯಾಯಾಲಯದ ಮೆಟ್ಟಿಲನ್ನು ವರ್ಷಗಟ್ಟಲೆ ಹತ್ತಬೇಕಾದೀತು. ಯಜಮಾನರು ಮತ್ತೆ ತೂಕದ ಮಾತೆತ್ತಲಿಲ್ಲ.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ನಾಶಪಡಿಸುವಂತೆಯೂ ಇಲ್ಲ. ಜಿಎಸ್‌ಟಿ ಅಧಿನಿಯಮದ 36ನೆಯ ಪ್ರಕರಣವು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕೆನ್ನುತ್ತದೆ. ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಕಂಪನಿಯಾಗಿ ನೋಂದಾಯಿತವಾದ ವ್ಯಾಪಾರಗಳಿಗೆ 2013ರ ಕಂಪನಿಗಳ ಅಧಿನಿಯಮದಂತೆ 8 ಆರ್ಥಿಕ ವರ್ಷಗಳ ಲೆಕ್ಕ ಕೈಯಲ್ಲಿರಬೇಕು. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದ ಪತ್ರವನ್ನು, ಅದು ಹಾಜರಾಗದಿರಲೆಂಬ ಉದ್ದೇಶದಿಂದ ನಾಶಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 241ನೆಯ ಪ್ರಕರಣದಡಿ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದಕಾರಣ ಮೊದಲು ಪಟ್ಟಿ, ಆಮೇಲೆ ನಾಶ. ಎರಡು ವಾರ ಅಟ್ಟದ ಕೆಳಗೆ ಕುಳಿತು ಕಾಗದಗಳನ್ನು ನಾಲ್ಕು ರಾಶಿ ಮಾಡಿದೆವು: ಅವಧಿ ಮುಗಿಯದವು, ಸಹಿ ಮಾಡಿದವರಿಗೆ ಮರಳಿಸಬೇಕಾದವು, ನಾಶಪಡಿಸಬೇಕಾದವು, ಎಂದೆಂದಿಗೂ ಉಳಿಸಬೇಕಾದವು.

ಮರಳಿಸುವ ರಾಶಿಯ ಬಗ್ಗೆ ಊರೂರಿಗೆ ಹೇಳಿಕಳಿಸಿದೆವು. ತೀರಿದ ಸಾಲದ ನೋಟನ್ನು ಮರಳಿ ಪಡೆಯುವುದು ಯಾರ ಕೃಪೆಯೂ ಅಲ್ಲ. ಹಣ ಸಲ್ಲಿಸಿದವನಿಗೆ ಪತ್ರವನ್ನು ಒಪ್ಪಿಸಬೇಕೆಂದು ಅದೇ 1881ರ ಅಧಿನಿಯಮದ 81ನೆಯ ಪ್ರಕರಣ ಹೇಳುತ್ತದೆ. ಜನ ಬಂದರು. ಅವರ ಕಣ್ಣೆದುರಿಗೇ ಸಹಿಯ ಮೇಲೆ ಎರಡು ಗೆರೆ ಎಳೆದು, ‘ಸಂದಾಯವಾಗಿದೆ, ರದ್ದು’ ಎಂದು ಬರೆದು ಕೈಗಿತ್ತೆವು. ಹಲವರು ಅಲ್ಲಿಯೇ ಹರಿದು ಒಲೆಗೆ ಹಾಕಿದರು. ಒಬ್ಬ ತಾಯಿ ಮಾತ್ರ, ತೀರಿಹೋದ ಗಂಡನ ನೋಟನ್ನು ನಾನು ಹರಿಯಲು ಹೊರಟಾಗ ಕೈ ಅಡ್ಡ ಹಿಡಿದರು. “ಹರೀಬ್ಯಾಡಿ ಸಾ, ಅವ್ರು ಬರದದ್ದು ಅಂತ ನಮ್ ಮನಲಿ ಇನ್ನೊಂದಿಲ್ಲ.” ಗೆರೆ ಎಳೆದ ಆ ಹಾಳೆಯನ್ನು ಅವರು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಅದರ ಮೇಲೆ ಕಾನೂನಿಗೆ ಇನ್ನಾವ ಕೆಲಸವೂ ಉಳಿದಿರಲಿಲ್ಲ, ಅವರಿಗೆ ಇತ್ತು.

ಉಳಿಸಬೇಕಾದ ರಾಶಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮೊದಲ ತಲೆಮಾರಿನ ಕಿರ್ದಿ ಪುಸ್ತಕಗಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಸೀಮೆ ಮದ್ರಾಸಿನಲ್ಲಿಯೇ ಉಳಿಯಿತು. ಗೆರೆ ಬಿದ್ದ ಮೇಲೂ ಈ ಮಂಡಿಯ ಲೆಕ್ಕ ಕನ್ನಡದಲ್ಲಿಯೇ ನಡೆದಿತ್ತು. ರಾಗಿ ಇಷ್ಟು ಪಲ್ಲ, ಅವರೆ ಇಷ್ಟು ಕೊಳಗ, ಗಾಡಿ ಬಾಡಿಗೆ ಇಷ್ಟು ಎಂದು ಮೋಡಿಯಂತೆ ಓಡುವ ಕನ್ನಡ ಅಕ್ಷರ. ಸರ್ಕಾರಿ ಕಡತಗಳು ಬೇರೆ ಭಾಷೆಗೆ ತಿರುಗಿದ ಮೇಲೆ ನಮ್ಮ ಜನ ಇಲ್ಲಿ ಬಾಳಿದ್ದಕ್ಕೆ, ಕನ್ನಡದಲ್ಲಿ ಕೂಡಿ ಕಳೆದದ್ದಕ್ಕೆ ಇಂಥ ಖಾಸಗಿ ಪುಸ್ತಕಗಳೇ ಸಾಕ್ಷಿ. ಅವುಗಳಲ್ಲಿ ಬದುಕಿರುವ ಯಾರ ಗುಟ್ಟೂ ಇರಲಿಲ್ಲ. ಯಜಮಾನರು ಅವನ್ನು ಬಟ್ಟೆಯಲ್ಲಿ ಕಟ್ಟಿ ಮನೆಯ ಪೆಟ್ಟಿಗೆಯಲ್ಲಿ ಇರಿಸಿದರು.

ಉಳಿದದ್ದು ಮೂರನೆಯ ರಾಶಿ. ಅದನ್ನು ಸುಡಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಬಿಗಿಯಾಗಿ ಕಟ್ಟಿದ ಕಾಗದದ ಕಂತೆ ಬೇಗ ಉರಿಯುವುದಿಲ್ಲ; ಅಂಚು ಕರಿದಾಗುತ್ತದೆ, ನಡುವಿನ ಹಾಳೆ ಓದುವಂತೆಯೇ ಉಳಿಯುತ್ತದೆ. ಅರೆಬೆಂದ ಹಾಳೆ ಗಾಳಿಗೆ ಹಾರಿ ಊರೆಲ್ಲ ತಿರುಗುತ್ತದೆ. ಕಾಡಂಚಿನಲ್ಲಿ ಬೇಸಗೆಯ ಬೆಂಕಿಯ ಭಯ ಬೇರೆ. ಕತ್ತರಿಸುವ ಯಂತ್ರಗಳೂ ಇವೆ. ಆದರೆ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದರೆ ಸಾಲದು. 1979ರಲ್ಲಿ ತೆಹರಾನಿನ ಅಮೆರಿಕದ ರಾಯಭಾರ ಕಚೇರಿ ವಶವಾದಾಗ ಅಲ್ಲಿ ಹಾಗೆ ಕತ್ತರಿಸಿ ಬಿಟ್ಟಿದ್ದ ಪಟ್ಟಿಗಳನ್ನು ಇರಾನಿನವರು ತಾಳ್ಮೆಯಿಂದ ಜೋಡಿಸಿ ಓದಿದರು; ಸಂಪುಟಗಳಾಗಿ ಅಚ್ಚು ಹಾಕಿದರು. ಅದಕ್ಕಾಗಿಯೇ ಇಂದು ಜರ್ಮನಿಯಲ್ಲಿ ರೂಪುಗೊಂಡ ಮಾನದಂಡವೊಂದು ಕಾಗದದ ಚೂರುಗಳನ್ನು ಏಳು ದರ್ಜೆಗಳಾಗಿ ವಿಂಗಡಿಸುತ್ತದೆ. ಅದರ ನಾಲ್ಕನೆಯ ದರ್ಜೆಯಲ್ಲಿ ಒಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರಕೂಡದು; ಏಳನೆಯದರಲ್ಲಿ ಕೇವಲ 5. ಅಂಥ ಯಂತ್ರ ನಮ್ಮ ಬೆಟ್ಟದ ಮೇಲೆ ಇಲ್ಲ. ನಲವತ್ತೆರಡು ಚೀಲಕ್ಕೆ ನೀರಿನ ದಾರಿಯೇ ಸರಿ ಎನಿಸಿತು. ಹೀಗೆ ನಾವು ಗಿರಣಿಯತ್ತ ಹೊರಟದ್ದು.

ಸತ್ಯಮಂಗಲದ ಪೇಟೆಯ ಅಂಚಿನಲ್ಲಿ ಚಹಾಕ್ಕೆ ನಿಂತೆವು. ಪಕ್ಕದಲ್ಲಿಯೇ ಹಳೆಯ ಕಾಗದದ ಮಳಿಗೆ. ಕೆಲವು ಹೆಂಗಸರು ನೆಲದ ಮೇಲೆ ಕುಳಿತು ಬಿಳಿಯದು ಒಂದು ಕಡೆ, ಪತ್ರಿಕೆ ಒಂದು ಕಡೆ, ರಟ್ಟು ಒಂದು ಕಡೆ ಎಂದು ಆಯುತ್ತಿದ್ದರು. ಬಿಳಿಯ ರಾಶಿಯಲ್ಲಿ ಶಾಲೆಯ ಉತ್ತರ ಪತ್ರಿಕೆಗಳು, ಯಾವುದೋ ಪ್ರಯೋಗಾಲಯದ ರಕ್ತಪರೀಕ್ಷೆಯ ವರದಿಗಳು, ಭಾವಚಿತ್ರ ಅಂಟಿಸಿದ ಸಾಲದ ಅರ್ಜಿಗಳು. ಚಹಾದ ಅಂಗಡಿಯಾತ ನನಗೆ ಬೋಂಡ ಇಟ್ಟುಕೊಟ್ಟ ಹಾಳೆಯ ಹಿಂಬದಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಸ್ಪಷ್ಟವಾಗಿದ್ದವು. ಆಯುವ ಆ ಹೆಂಗಸರದಾಗಲಿ, ಚಹಾ ಮಾರುವವನದಾಗಲಿ ತಪ್ಪೇನೂ ಇಲ್ಲ; ಅವರು ಕಾಗದವನ್ನು ಕಾಗದವೆಂದೇ ಕಾಣುತ್ತಾರೆ. ತಪ್ಪು, ಅದನ್ನು ಹೊರಗೆ ಎಸೆದ ಕೈಯದು.

ಗೋಬಿಯ ಗದ್ದೆಗಳನ್ನು ಹಾದು ಭವಾನಿಗೆ ಬಂದೆವು. ನೀಲಗಿರಿಯಿಂದ ಬಂದ ಭವಾನಿ, ಕೊಡಗಿನಿಂದ ಬಂದ ಕಾವೇರಿಯನ್ನು ಸಂಗಮೇಶ್ವರನ ಗುಡಿಯ ಬಳಿ ಕೂಡುತ್ತದೆ. ಜಮಖಾನೆ ನೇಯುವ ಊರು ಅದು. ಸೇತುವೆಯ ಮೇಲಿಂದ ಲಾರಿಯ ಚಾಲಕ ನದಿಗೆ ಕೈಮುಗಿದ, ನಾನೂ ಮುಗಿದೆ. ಈರೋಡನ್ನು ದಾಟಿ ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಅಂಗಳ ಸೇರಿದೆವು.

ತೂಕದ ಸೇತುವೆಯ ಮೇಲೆ ಲಾರಿ ನಿಂತಿತು, ಚೀಟಿ ಬಂತು. ಪಟ್ಟಿಯೊಡನೆ ಮುದ್ರೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ ಮೇಲೆಯೇ ಚೀಲಗಳನ್ನು ಬಿಚ್ಚಲು ಬಿಟ್ಟೆ. ಒಳಗೆ ಬಾವಿಯಷ್ಟು ಅಗಲದ ಉಕ್ಕಿನ ತೊಟ್ಟಿ. ಅದರ ತಳದಲ್ಲಿ ಅಲಗುಗಳುಳ್ಳ ಚಕ್ರವೊಂದು ತಿರುಗುತ್ತ ನೀರನ್ನು ಸುಳಿಯಾಗಿಸುತ್ತದೆ. ಕಾಗದ ಬಿದ್ದೊಡನೆ ಕ್ಷಣಕಾಲ ತೇಲುತ್ತದೆ. ಹೆಸರುಗಳು, ಮುಖಗಳು ಕಾಣುತ್ತವೆ. ಬಳಿಕ ಸುಳಿ ಎಳೆದುಕೊಳ್ಳುತ್ತದೆ. ಕಾಲು ಗಂಟೆಯಲ್ಲಿ ರಾಗಿ ಅಂಬಲಿಯಂತಹ ಬೂದು ಬಣ್ಣದ ತಿಳಿಗಂಜಿ. ಪಿನ್ನು, ತಂತಿ, ಪ್ಲಾಸ್ಟಿಕ್ಕುಗಳು ಜರಡಿಗಳಲ್ಲಿ ಬೇರೆಯಾಗುತ್ತವೆ. ಗಂಜಿಯು ಜಾಲರಿಯ ಮೇಲೆ ಹರಡಿ, ಉರುಳೆಗಳ ನಡುವೆ ಹಿಂಡಿಸಿಕೊಂಡು, ಉಗಿಯಿಂದ ಕಾದ ಉರುಳೆಗಳ ಮೇಲೆ ಒಣಗಿ, ಇನ್ನೊಂದು ತುದಿಯಲ್ಲಿ ಕಂದು ಬಣ್ಣದ ರಟ್ಟಿನ ಕಾಗದವಾಗಿ ಸುತ್ತಿಕೊಳ್ಳುತ್ತದೆ. ಕಡೆಯ ಚೀಲ ಬರಿದಾಗುವವರೆಗೆ ನಾನು ತೊಟ್ಟಿಯ ಬಳಿಯಿಂದ ಕದಲಲಿಲ್ಲ. ಗಿರಣಿಯವರು ತೂಕ, ದಿನ, ವೇಳೆ ಬರೆದು ಪ್ರಮಾಣಪತ್ರ ಕೊಟ್ಟರು. ಸಾಕ್ಷಿಯಾಗಿ ನಾನೂ ಚಾಲಕನೂ ಸಹಿ ಹಾಕಿದೆವು. ಕಾಗದಗಳಿಗೆ ಅವರು ಕೊಟ್ಟ ಬೆಲೆ ಲಾರಿಯ ಬಾಡಿಗೆಗೂ ಸಾಲಲಿಲ್ಲ. ಆ ಕೊರತೆಯನ್ನು ಯಜಮಾನರು ಮಾತಾಡದೆ ಭರಿಸಿದರು.

ವ್ಯಾಪಾರದ ಗೋಪ್ಯ ಪತ್ರವೆಂದರೆ ದೊಡ್ಡ ಕಾರ್ಖಾನೆಗಳ ಸೂತ್ರ, ಶ್ರೀಮಂತರ ಲೆಕ್ಕ ಎಂದು ನಾವು ಭಾವಿಸುತ್ತೇವೆ. ಆ 42 ಚೀಲಗಳಲ್ಲಿ ಮಂಡಿಯ ಗುಟ್ಟು ಅತ್ಯಲ್ಪ. ಉಳಿದದ್ದೆಲ್ಲ ನಮ್ಮ ನಿಮ್ಮಂಥವರದು. ಪತ್ರ ಯಾರ ಕಪಾಟಿನಲ್ಲಿದ್ದರೂ ಅದರೊಳಗಿನ ಹೆಸರಿನವನೇ ಅದರ ನಿಜವಾದ ವಾರಸುದಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಉದ್ದೇಶ ತೀರಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ. ಆದರೆ ಗಣಕಕ್ಕೆ ಏರದೆ ಕಾಗದದಲ್ಲಿಯೇ ಉಳಿದದ್ದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಟ್ಟದ ಮೇಲಿನ ಕಟ್ಟುಗಳನ್ನು ಕಾಯಬೇಕಾದವರು ಇಟ್ಟುಕೊಂಡವರ ಮನಸ್ಸಾಕ್ಷಿ ಮತ್ತು ಕೊಟ್ಟವರ ಎಚ್ಚರ.

ಆ ಎಚ್ಚರಕ್ಕೆ ಕೆಲವು ಮಾತು. ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ ಕಡೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿ ನಡೆಯುವುದೇ ಎಂದು ಮೊದಲು ಕೇಳಿರಿ. ಪ್ರತಿಯ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದೆಂದು ಬರೆಯಿರಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿರಿ. ಸಾಲ ತೀರಿದ ದಿನವೇ ನೋಟನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಹೊಲದ ಕ್ರಯಪತ್ರ, ಜನನದ ದಾಖಲೆ, ಮಕ್ಕಳ ಮಾತೃಭಾಷೆ ಕನ್ನಡವೆಂದು ಬರೆದಿರುವ ಶಾಲೆಯ ವರ್ಗಾವಣೆ ಪತ್ರ, ಇವು ಯಾವ ಕಾಲಕ್ಕೂ ರದ್ದಿಗೆ ಹೋಗಕೂಡದು. ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಮನೆಯಲ್ಲಿ ಓದಿ ಹೇಳಬಲ್ಲವರು. ಈ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಕಾಗದದ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿರಿ. ಇಡುವುದು ಯಾವುದು, ಹರಿಯುವುದು ಯಾವುದು, ಯಾರ ಬಳಿ ನಮ್ಮ ಸಹಿ ಇನ್ನೂ ಉಳಿದಿದೆ ಎಂಬ ಮೂರು ಪಟ್ಟಿಗಳನ್ನು ಅವರ ಕೈಯಿಂದಲೇ ಬರೆಯಿಸಿರಿ.