ಎರಡನೆಯ ಅರ್ಜಿ

ಇಪ್ಪತ್ತೈದು ವರ್ಷ ಮಕ್ಕಳನ್ನು ಪಾಸು ಫೇಲು ಮಾಡಿಕೊಂಡು ಬಂದಿದ್ದ ನಾನು ಸ್ವತಃ ಫೇಲಾದದ್ದು 2018ರ ನವೆಂಬರಿನಲ್ಲಿ, ಚೆನ್ನೈನ ಒಂದು ಗಾಜಿನ ಕಿಟಕಿಯ ಮುಂದೆ. ಪರೀಕ್ಷೆ ನಡೆದದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ.

ಮಗಳು ಅಮೆರಿಕದ ಒಹಾಯೊದಲ್ಲಿ ಎಂ.ಎಸ್. ಓದುತ್ತಿದ್ದಳು. ಮುಂದಿನ ಮೇ ತಿಂಗಳಲ್ಲಿ ಘಟಿಕೋತ್ಸವ. 'ಅಪ್ಪಾ, ಅಮ್ಮನ್ನ ಕರ್ಕೊಂಡು ಬಾ' ಎಂದಿದ್ದಳು. ನಾವಿಬ್ಬರೂ ಮಂಡ್ಯದಲ್ಲಿ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋದೆವು. ಒಂದು ದಿನ ಫೋಟೋ ಮತ್ತು ಹತ್ತೂ ಬೆರಳುಗಳ ಗುರುತು ಕೊಡುವುದು, ಮರುದಿನ ಸಂದರ್ಶನ. ನನ್ನ ತೊಡೆಯ ಮೇಲೆ ಎರಡು ಕಿಲೋ ತೂಗುವ ಫೈಲು. ಅದರಲ್ಲಿ ಪಹಣಿ, ಮನೆ ಕಂದಾಯದ ರಸೀದಿ, ಮೂರು ವರ್ಷದ ಫಾರಂ 16, ನಮ್ಮ ಮದುವೆಯ ಫೋಟೋ ಕೂಡ!

ಕಿಟಕಿಯ ಆಚೆ ಇದ್ದ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಬಹಳ ಸೌಜನ್ಯದವಳು. ಎಷ್ಟು ದಿನ ಇರುತ್ತೀರಿ ಎಂದಳು. ಆರು ತಿಂಗಳು ಎಂದೆ. ಏನು ಕೆಲಸ? ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 'ಆ ಆರು ತಿಂಗಳು ನಿಮ್ಮ ಮಕ್ಕಳಿಗೆ ಪಾಠ ಮಾಡುವವರು ಯಾರು?'

'ಯಾರಾದರೂ ಮಾಡುತ್ತಾರೆ' ಎಂದುಬಿಟ್ಟೆ.

ಪಾಸ್‌ಪೋರ್ಟುಗಳು ಒಂದು ಅಚ್ಚು ಹಾಕಿದ ಹಾಳೆಯೊಡನೆ ಕಿಟಕಿಯ ಕೆಳಗಿನಿಂದ ವಾಪಸು ಬಂದವು. ಫೈಲಿನ ದಾರ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಆ ಹಾಳೆಯಲ್ಲಿದ್ದದ್ದು 214(ಬಿ) ಎಂಬ ಕಲಮು. ಅಮೆರಿಕದ 1952ರ ವಲಸೆ ಕಾನೂನಿನದು. ನಮ್ಮ ನ್ಯಾಯಾಲಯಗಳಲ್ಲಿ ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ. ಇಲ್ಲಿ ಲೆಕ್ಕ ತಿರುಗುಮುರುಗು. ಪ್ರವಾಸಿ ವೀಸಾ ಕೇಳುವವನು ಅಲ್ಲೇ ನೆಲೆಸಲು ಹೊರಟಿದ್ದಾನೆಂದೇ ಮೊದಲು ಭಾವಿಸಬೇಕು. ಅಲ್ಲ, ಹಿಂದಿರುಗುತ್ತೇನೆ ಎಂದು ತೋರಿಸಿಕೊಡುವ ಹೊರೆ ಅವನದೇ. ಓದಲು ಹೋಗುವ ವಿದ್ಯಾರ್ಥಿಗಳಿಗೂ ಇದೇ ಕಲಮು ಅನ್ವಯಿಸುತ್ತದೆ. ಬ್ಯಾಂಕಿನಲ್ಲಿ ಸಾಕಷ್ಟು ಹಣವಿದ್ದೂ ಹುಡುಗನಿಗೆ ವೀಸಾ ಸಿಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುವ ತಂದೆತಾಯಿಯರು ಇದನ್ನು ಗಮನಿಸಬೇಕು. ಈ ಕಲಮಿನ ನಿರಾಕರಣೆಗೆ ಮೇಲ್ಮನವಿ ಇಲ್ಲ. ಆದರೆ ಮತ್ತೆ ಅರ್ಜಿ ಹಾಕಲು ಇಂತಿಷ್ಟು ದಿನ ಕಾಯಬೇಕೆಂಬ ನಿಯಮವೂ ಇಲ್ಲ. ಹೊಸ ಅರ್ಜಿ, ಹೊಸ ಶುಲ್ಕ, ಅಷ್ಟೆ. ಆಗ ತಲೆಗೆ 160 ಡಾಲರ್; ಇಬ್ಬರಿಗೂ ಸೇರಿ ಸುಮಾರು 23 ಸಾವಿರ ರೂಪಾಯಿ ಹೋಗಿತ್ತು. (2023ರಿಂದ ಅದು 185 ಡಾಲರ್ ಆಗಿದೆ.) ಕೊಟ್ಟ ಶುಲ್ಕ ವಾಪಸು ಬರುವುದಿಲ್ಲ.

ಊರಿಗೆ ಬಂದ ಮೇಲೆ ಒಂದು ತಿಂಗಳು ಆ ಹುಡುಗಿಯನ್ನು ಬೈದುಕೊಂಡೆ. ಆಮೇಲೆ ಯೋಚಿಸಿದರೆ ಆಕೆ ಕೇಳಿದ್ದರಲ್ಲಿ ತಪ್ಪೇನಿತ್ತು? ಆರು ತಿಂಗಳು ಇರುವ ಉದ್ದೇಶ ನನಗೆ ಇರಲೇ ಇಲ್ಲ. ಹೇಗೂ ಆರು ತಿಂಗಳು ಕೊಡುತ್ತಾರೆ, ಅದನ್ನೇ ಬರೆಯಿರಿ ಎಂದು ಯಾರೋ ಹೇಳಿದ್ದರು, ಬರೆದೆ. ಶಾಲೆ ಬಿಟ್ಟು ಆರು ತಿಂಗಳು ಅಲೆಯುವ, ತನ್ನ ತರಗತಿಯ ಬಗ್ಗೆ 'ಯಾರಾದರೂ ಮಾಡುತ್ತಾರೆ' ಎನ್ನುವ ಮೇಷ್ಟ್ರು ಹಿಂದಿರುಗುತ್ತಾನೆಂದು ನಾನಾದರೂ ನಂಬುತ್ತಿದ್ದೆನೇ?

ಮತ್ತೆ ಅರ್ಜಿ ಹಾಕುವುದೆಂದು ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಅರ್ಜಿ ತುಂಬಿಸಿಕೊಡುತ್ತಿದ್ದವನು ನನ್ನ ಹಳೆಯ ಶಿಷ್ಯನೇ. ಈಗ ಟಿಕೆಟ್ಟು, ವೀಸಾ ಇತ್ಯಾದಿ ವ್ಯವಹಾರ ನಡೆಸುತ್ತಾನೆ. ಕಂಪ್ಯೂಟರಿನ ಮೇಲೆ ಒಂದು ಪ್ರಶ್ನೆ ಬಂತು: ನಿಮಗೆ ಹಿಂದೆ ಎಂದಾದರೂ ಅಮೆರಿಕದ ವೀಸಾ ನಿರಾಕರಿಸಲಾಗಿದೆಯೇ? ಅವನು ದನಿ ತಗ್ಗಿಸಿ, 'ಸಾರ್, ಇಲ್ಲ ಅಂತಲೇ ಹಾಕಿಬಿಡೋಣ. ಪಾಸ್‌ಪೋರ್ಟ್ ಹೊಸದಾಗಿದೆ. ಸುಮ್ನೆ ಯಾಕೆ ಅವರಿಗೆ ಜ್ಞಾಪಿಸೋದು?' ಎಂದ.

ನಾನು ತಕ್ಷಣ ಬೇಡ ಎನ್ನಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. 'ನಾಳೆ ಹೇಳ್ತೀನಿ ಕಣಪ್ಪ' ಎಂದು ಎದ್ದು ಬಂದೆ.

ಆ ರಾತ್ರಿ ಮನೆಯಲ್ಲಿ ಹತ್ತನೆಯ ತರಗತಿಯ ಪ್ರಾಯೋಗಿಕ ದಾಖಲೆ ಪುಸ್ತಕಗಳ ಕಟ್ಟು ತಿದ್ದಲು ಕಾದಿತ್ತು. ಓಮ್‌ನ ನಿಯಮ. ವಿಭವಾಂತರ, ವಿದ್ಯುತ್ ಪ್ರವಾಹಗಳ ರೀಡಿಂಗ್ ತೆಗೆದು ನಕ್ಷೆ ಎಳೆಯಬೇಕು. ನಮ್ಮ ಮಕ್ಕಳು ಏನು ಮಾಡುತ್ತಾರೆಂದು ಯಾವ ಮೇಷ್ಟ್ರಿಗೂ ಗೊತ್ತು: ಮೊದಲು ಸ್ಕೇಲಿಟ್ಟು ಗೆರೆ ಎಳೆದು, ಆಮೇಲೆ ಅದರ ಮೇಲೆ ಚುಕ್ಕಿ ಇಡುತ್ತಾರೆ! ತಂತಿ ಸಡಿಲವಾಗಿ ಒಂದು ರೀಡಿಂಗ್ ಹಾದಿ ತಪ್ಪಿದರೆ ಅದನ್ನು ರಬ್ಬರಿನಿಂದ ಅಳಿಸುತ್ತಾರೆ. ಅಳಿಸಿದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ 'ಬಂದದ್ದನ್ನೇ ಬರೆ' ಎಂದು ಬರೆಯುವುದು ನನ್ನ ಹಳೆಯ ರೂಢಿ. ಅಂದು ಮೂರು ಪುಸ್ತಕದಲ್ಲಿ ಬರೆದೆ. ನಾಲ್ಕನೆಯದಕ್ಕೆ ಪೆನ್ನು ಕೆಳಗಿಟ್ಟೆ.

ನನ್ನವಳ ಬಳಿ ವಿಷಯ ಹೇಳಿದಾಗ ಆಕೆ ಇಷ್ಟೆಲ್ಲ ಯೋಚಿಸಲಿಲ್ಲ. 'ರೀ, ಹತ್ತೂ ಬೆರಳು ಒತ್ತಿಸಿಕೊಂಡಿದ್ದಾರೆ ಕಣ್ರೀ. ನಮ್ಮ ಹಾಲಿನವನೇ ಮೂರು ತಿಂಗಳ ಬಾಕಿ ಮರೆಯಲ್ಲ, ಅವರು ಮರೀತಾರಾ?' ಎಂದಳು. ಆಕೆಯ ಮಾತೇ ಸರಿ. ಸುಳ್ಳು ಮಾಹಿತಿ ಕೊಟ್ಟು ವೀಸಾ ಪಡೆಯಲು ಹೋದವನಿಗೆ ಜೀವಮಾನವಿಡೀ ಬಾಗಿಲು ಮುಚ್ಚಲು ಆ ಕಾನೂನಿನಲ್ಲಿ ಬೇರೆಯೇ ಕಲಮಿದೆ. ನಿರಾಕರಣೆ ಅಂಥ ಕಳಂಕವೇನಲ್ಲ. ಅದನ್ನು ಬಚ್ಚಿಟ್ಟದ್ದು ಕಳಂಕವಾಗುತ್ತದೆ.

ಮರುದಿನ 'ಹೌದು' ಎಂದು ಹಾಕಿಸಿದೆ. ತಿಂಗಳು, ಕಾರಣಗಳನ್ನೂ ತುಂಬಿಸಿದೆ. ಶಿಷ್ಯ ಒಲ್ಲದ ಮನಸ್ಸಿನಿಂದ ಟೈಪು ಮಾಡಿದ. ವಾಸದ ಅವಧಿ ಇಪ್ಪತ್ತು ದಿನ, ಮೇ ತಿಂಗಳಲ್ಲಿ, ಬೇಸಿಗೆ ರಜೆಯೊಳಗೆ. ಮಗಳ ಘಟಿಕೋತ್ಸವದ ದಿನಾಂಕ ಅಷ್ಟರಲ್ಲಿ ನಿಗದಿಯಾಗಿತ್ತು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಯೂ ಕೈಗೆ ಬಂದಿತ್ತು.

ಮಾರ್ಚ್ ಮಧ್ಯದಲ್ಲಿ ಮತ್ತೆ ಅದೇ ರೈಲು. ಈ ಸಲ ಕಿಟಕಿಯಲ್ಲಿ ಒಬ್ಬ ನಡುವಯಸ್ಸಿನ ಗಂಡಸು. ಕಂಪ್ಯೂಟರ್ ನೋಡುತ್ತಲೇ, 'ಕಳೆದ ಸಲ ಕೊಟ್ಟಿಲ್ಲ. ಈಗ ಏನು ಬದಲಾಗಿದೆ?' ಎಂದ. ಮನೆಯಲ್ಲಿ ಗಟ್ಟಿ ಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಮರೆತುಹೋದವು. ಕಳೆದ ಸಲ ಆರು ತಿಂಗಳು ಎಂದು ಬರೆದದ್ದು ನನ್ನದೇ ತಪ್ಪು ಎಂದೆ. ಮುಂದಿನ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ, ಏಪ್ರಿಲ್ 18ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ, ಮೇಷ್ಟ್ರುಗಳಿಗೆ ಅದರ ಕೆಲಸ ತಪ್ಪಿದ್ದಲ್ಲ, ಮೇ ಕೊನೆಗೆ ಶಾಲೆ ತೆರೆಯುತ್ತದೆ, ನನಗೆ ಸಿಗುವುದು ನಡುವಿನ ಅಷ್ಟು ದಿನ ಮಾತ್ರ ಎಂದೆ. ಚುನಾವಣೆ ಘೋಷಣೆಯಾಗಿ ನಾಲ್ಕೈದು ದಿನವಷ್ಟೇ ಆಗಿತ್ತು. ಆತ ತಲೆಯೆತ್ತಿ, 'ಮೇಷ್ಟ್ರುಗಳೇ ಚುನಾವಣೆ ನಡೆಸುತ್ತೀರಾ?' ಎಂದು ಕೇಳಿದ. ಮತಗಟ್ಟೆ, ಮತಯಂತ್ರ, ಬೆರಳಿಗೆ ಹಚ್ಚುವ ಶಾಯಿ ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆ ವಿವರಿಸತೊಡಗಿದ್ದೆ. ನನ್ನವಳು ಮೊಣಕೈಯಿಂದ ತಿವಿದಳು. ಆತ ನಕ್ಕು, ಪಾಸ್‌ಪೋರ್ಟುಗಳನ್ನು ತನ್ನ ಬಳಿಯೇ ಇರಿಸಿಕೊಂಡ. ಇರಿಸಿಕೊಂಡರೆ ವೀಸಾ ಸಿಕ್ಕಿತೆಂದು ಅರ್ಥ. ಹೊರಗೆ ಬಂದ ಮೇಲೆ ಅದನ್ನು ನನಗೆ ಬಿಡಿಸಿ ಹೇಳಿದವಳೂ ನನ್ನವಳೇ.

ಮಗಳು ಕಪ್ಪು ನಿಲುವಂಗಿ ತೊಟ್ಟು ವೇದಿಕೆ ಹತ್ತಿದ್ದನ್ನು ಕಂಡೆವು. ಶಾಲೆ ತೆರೆಯುವ ಮೊದಲೇ ಊರಿಗೆ ಬಂದೆವು.

ಎರಡು ಸಲವೂ ಯಾರೂ ಬಿಚ್ಚಿ ನೋಡದ ಆ ಫೈಲು ಅಟ್ಟದ ಮೇಲಿತ್ತು. ಮೊನ್ನೆ ಪಕ್ಕದ ಬೀದಿಯವರು ಬಂದು, ಮಗನಿಗೆ ವೀಸಾ ಸಂದರ್ಶನವಿದೆ, ಯಾವ ಯಾವ ಕಾಗದ ಜೋಡಿಸಬೇಕೆಂದು ನೋಡಿಕೊಳ್ಳುತ್ತೇವೆ ಎಂದು ಕೇಳಿದರು. ಕಾಗದ ಆಮೇಲಾಗಲಿ, ಯಾಕೆ ಹೋಗುತ್ತೀಯ, ಓದಿದ ಮೇಲೆ ಏನು ಮಾಡುತ್ತೀಯ ಎಂದು ಹುಡುಗನನ್ನು ಮೊದಲು ಕೇಳಿ ಎಂದೆ. 'ಅದೆಲ್ಲ ಹೇಳ್ತಾನೆ ಬಿಡಿ ಮೇಷ್ಟ್ರೇ' ಎಂದು ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು. ಅದರೊಳಗೆ ನಮ್ಮ ಮದುವೆಯ ಫೋಟೋ ಇರುವುದು ಅವರು ಗೇಟು ದಾಟಿದ ಮೇಲೆ ಜ್ಞಾಪಕಕ್ಕೆ ಬಂತು.