ಅಶೋಕನ ಬಂಡೆಗೆ ಸೈಕಲ್ ಹೊಡೆದದ್ದು

ಸಿದ್ದಾಪುರಕ್ಕೆ ಸೈಕಲ್ಲಲ್ಲೇ ಹೋಗಿಬರೋಣ ಅಂತ ಮೊದಲು ಬಾಯಿಬಿಟ್ಟವರು ಮೇಷ್ಟ್ರು. ನನ್ನ ನೆನಪು ಹಾಗೆ. ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮ ಗೆಳೆಯನನ್ನು ಕೇಳಿದರೆ, ಆ ಮಾತು ತಾನೇ ತೆಗೆದದ್ದು ಅಂತಾನೆ. ಯಾರದೋ ಮಾತು, ಅಂತೂ ಹೊರಟದ್ದು ನಿಜ. ಸಿದ್ದಾಪುರ ಅಂದರೆ ಮಲೆನಾಡಿನದಲ್ಲ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನದು, ಅಶೋಕ ಸಿದ್ದಾಪುರ. ಚಳ್ಳಕೆರೆಯಿಂದ ಅರವತ್ತು ಕಿಲೋಮೀಟರಿಗೂ ಮೇಲೆ.

ನಮ್ಮ ಗುಂಪಿಗೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಒಬ್ಬರಿಗೊಬ್ಬರು ಎದುರಾಗಿ, ಆಮೇಲೆ ಜೊತೆಯಾದವರು. ನಿವೃತ್ತ ಮೇಷ್ಟ್ರು, ಲೆಕ್ಕದ ಗೆಳೆಯ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕ, ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗ, ನಾನು. ನನಗೆ ಆಗಷ್ಟೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ಮೊದಲ ದಿನಗಳಲ್ಲಿ ಊರ ಹೊರಗಿನ ಪೆಟ್ರೋಲ್ ಬಂಕು ದಾಟುವುದರೊಳಗೆ ಏದುಸಿರು ಬರುತ್ತಿತ್ತು. ಅಕ್ಕ ಪಕ್ಕದಲ್ಲೇ ನಿಧಾನಕ್ಕೆ ತುಳಿಯುತ್ತಾ, "ಮಾತಾಡ್ತಾ ಹೊಡೀರಿ ಅಣ್ಣ, ಮಾತಾಡಕ್ಕೆ ಆಗದಷ್ಟು ಜೋರು ಬೇಡ" ಅನ್ನುತ್ತಿದ್ದರು. ತೊಡೆಯ ಸ್ನಾಯು ದುಡಿಯುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಂಡು ಉರಿಸುತ್ತದೆ, ವಾರಕ್ಕೆ 150 ನಿಮಿಷವಾದರೂ ಮೈಗೆ ಇಂಥ ಕೆಲಸ ಬೇಕು ಅಂತ ತಿಳಿಸಿಕೊಟ್ಟದ್ದೂ ಅವರೇ. ಒಂದು ಬೇಸಿಗೆ ಕಳೆಯುವುದರೊಳಗೆ ನಾನು ತುಳಿಯುತ್ತಲೇ ಕಥೆ ಹೇಳುವವನಾದೆ. ಪ್ಯಾಂಟಿನ ಸೊಂಟ ಸಡಿಲವಾಯಿತು. ಮಧ್ಯಾಹ್ನದ ಜೊಂಪು ಹೋಯಿತು. ಅದರ ಸುಖ ಇವತ್ತಿಗೂ ಮೈಗೆ ನೆನಪಿದೆ.

ಮೇಷ್ಟ್ರದು ಒಂದು ಅಭ್ಯಾಸ. ಯಾರ ಸೈಕಲ್ ಕಂಡರೂ ಮೊದಲು ಸೀಟು ನೋಡುವುದು. "ಹತ್ತು, ಹಿಮ್ಮಡಿ ಪೆಡಲ್ ಮೇಲಿಡು, ಪೆಡಲ್ ಪೂರ್ತಿ ಕೆಳಕ್ಕೆ ತಗೊಂಡುಹೋಗು. ಕಾಲು ನೆಟ್ಟಗಾಯ್ತಾ?" ಆಗದಿದ್ದರೆ ಜೇಬಿನಿಂದ ಪಾನಾ ಹೊರಬರುತ್ತಿತ್ತು. ನಮ್ಮ ಕಡೆ ಎಲ್ಲರೂ ಸೀಟು ತಗ್ಗಿಸಿಕೊಂಡೇ ಹೊಡೆಯುವವರು; ನಿಂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು ಅಂತ. ಮೊಣಕಾಲು ಹಿಡಿದುಕೊಳ್ಳುವುದು ಅಲ್ಲಿಂದಲೇ. ನನ್ನ ಸೀಟನ್ನು ಅವರು ಎರಡು ಬೆರಳು ಎತ್ತರಿಸಿದ ಮೇಲೆ ನನ್ನ ಮಂಡಿ ಮತ್ತೆ ತಕರಾರು ತೆಗೆಯಲಿಲ್ಲ.

ಹೊರಟದ್ದು ಆಷಾಢದಲ್ಲಿ. ಇನ್ನೂ ನಸುಕು. ಮಳೆಯಂತೂ ಇರಲಿಲ್ಲ, ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ತಾಲ್ಲೂಕುಗಳು ನಮ್ಮವು. ಮಳೆ ಬಾರದಿದ್ದರೂ ಆಷಾಢದ ಗಾಳಿ ಮಾತ್ರ ತಪ್ಪದೆ ಬರುತ್ತದೆ. ಪಶ್ಚಿಮ, ನೈಋತ್ಯದ ಕಡೆಯಿಂದ ಹಗಲೆಲ್ಲಾ ಬೀಸುತ್ತದೆ. ನಾವು ಹೊರಟದ್ದು ಬಡಗಣಕ್ಕೆ, ಹಾಗಾಗಿ ಗಾಳಿ ಬೆನ್ನಿಗಿತ್ತು. ಶೇಂಗಾ ಬಿತ್ತನೆಗೆ ಹದಮಾಡಿದ ಕೆಂಪು ಹೊಲಗಳು ಎರಡೂ ಕಡೆ ಹಿಂದಕ್ಕೆ ಓಡುತ್ತಿದ್ದವು.

ತಳಕಿನ ಹತ್ತಿರ ಹುಡುಗನ ಹಿಂದಿನ ಗಾಲಿ ಕೂತಿತು. ಜಾಲಿ ಮುಳ್ಳು. ಈ ಬಯಲಿನಲ್ಲಿ ಸೈಕಲ್ಲಿಗೆ ಬಳ್ಳಾರಿ ಜಾಲಿಗಿಂತ ದೊಡ್ಡ ಶತ್ರು ಇಲ್ಲ. ಹುಡುಗ ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹೊಡೆದು, ಕೆನ್ನೆಗೆ ಹತ್ತಿರ ಹಿಡಿದು ಸುತ್ತ ತಿರುಗಿಸಿದ. ಗಾಳಿ ಸೋರುವುದು ಚರ್ಮಕ್ಕೆ ತಾಗಿದ ಕಡೆ ಉಗುರಿನಿಂದ ಗುರುತು ಮಾಡಿದ. ತೂತು ಸಿಕ್ಕರೂ ಪ್ಯಾಚು ಹಾಕಲಿಲ್ಲ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ಮೊನೆ ಹುಡುಕಿ ಕಿತ್ತ. ಆಮೇಲೆ ಉಜ್ಜಿ, ಸೊಲ್ಯೂಷನ್ ಸವರಿ, ಅದು ಆರುವವರೆಗೆ ಕಾದ. ಆ ತಾಳ್ಮೆ ನೋಡಿ ಮಗ್ಗದ ಮನೆಯ ಮಗ ಅಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ತಮ್ಮ ಪಾಠ ಶುರು ಮಾಡಿದ್ದರು: ತ.ರಾ.ಸು. ಅವರ 'ತ' ಈ ತಳಕಿನದು, ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರೂ ಈ ಊರಿನವರೇ ಅಂತ. ರಸ್ತೆ ಬದಿ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ. ದುಡ್ಡು ಯಾರು ಕೊಟ್ಟರೋ ಮರೆತಿದೆ. ಮೆಣಸಿನಕಾಯಿಯ ಖಾರ ಮರೆತಿಲ್ಲ.

ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರ ಮೂರೂ ಅಕ್ಕಪಕ್ಕದಲ್ಲೇ ಇವೆ. ದುಂಡು ಬಂಡೆಗಳ ಗುಡ್ಡಗಳು, ಕರಡಿಗಳ ಸೀಮೆ. ಬಿ.ಎಲ್. ರೈಸ್ 1892ರಲ್ಲಿ ಈ ಮೂರು ಕಡೆಯ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯಲ್ಲಿ ಅಗೆದು, ಬೃಹತ್ ಶಿಲಾಯುಗದ ಗೋರಿಗಳನ್ನು ತೆರೆದರು. ಬ್ರಹ್ಮಗಿರಿಯ ಬಂಡೆಗೆ ಊರಿನವರು ಇಟ್ಟ ಹೆಸರು ಅಕ್ಷರ ಗುಂಡು. ಜಟಿಂಗರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ.

ಬೆವರಿದ ಅಂಗಿಯಲ್ಲೇ ಬಂಡೆಯ ಮುಂದೆ ಕೂತೆವು. ಮೇಷ್ಟ್ರು ಶಾಸನದ ಸಾರ ಹೇಳಿದರು. ಸುವರ್ಣಗಿರಿಯ ಆರ್ಯಪುತ್ರನೂ ಅಲ್ಲಿನ ಹಿರಿಯ ಅಧಿಕಾರಿಗಳಾದ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ರಾಜಾಜ್ಞೆ ಅದು. ಇಸಿಲ ಅಂದರೆ ನಾವು ಕೂತಿದ್ದ ಈ ಜಾಗವೇ. ಆಜ್ಞೆ ಹೇಳುವ ಮೊದಲು ಅವರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಅಶೋಕನ ಮಾತು: ನಾನು ವರ್ಷಗಟ್ಟಲೆ ಉಪಾಸಕನಾಗಿದ್ದೆ, ಹೆಚ್ಚು ಪ್ರಯತ್ನ ಮಾಡಿರಲಿಲ್ಲ, ಈಚೆಗೆ ಒಂದು ವರ್ಷಕ್ಕೂ ಮೇಲೆ ಚೆನ್ನಾಗಿ ಪ್ರಯತ್ನಪಟ್ಟಿದ್ದೇನೆ, ಇದರ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಿಗುತ್ತದೆ. ಕೊನೆಗೆ ಲಿಪಿಕಾರ ಚಪಡ ಸಹಿ ಹಾಕಿದ್ದಾನೆ; ಒಂದು ಪದವನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಷ್ಟು ದೂರದಿಂದ ಬಂದವನೋ! ಅಶೋಕನ ಮಾತು ಧರ್ಮದ ಬಗ್ಗೆ, ಮೈಯ ಬಗ್ಗೆ ಅಲ್ಲ. ಆದರೂ ಅಕ್ಕ, "ಮೇಷ್ಟ್ರೇ, ಇದನ್ನ ನಮ್ಮ ಆಸ್ಪತ್ರೆ ಗೋಡೆ ಮೇಲೆ ಬರೆಸಬೇಕು" ಅಂದರು. ಆ ಮಾತು ನನಗೂ ನಾಟಿತು. ನನ್ನಂಥ ಸಾಧಾರಣ ಕಾಲಿನವನು ಅಷ್ಟು ದೂರ ಬಂದು ಕೂತಿದ್ದೆನಲ್ಲ.

ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಹುಡುಗನ ಮನೆ. ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ. ಅವರಮ್ಮ ಬಿಸಿ ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ ಬಡಿಸಿ, ಮೇಲೆ ಉಪ್ಪು ಹಾಕಿದ ಮಜ್ಜಿಗೆ ಲೋಟಗಟ್ಟಲೆ ಕುಡಿಸಿದರು. "ಸೈಕಲ್ ಹೊಡ್ಕೊಂಡು ಬಂದಿರಾ ಸಾರ್, ಈ ವಯಸ್ನಾಗೆ?" ಅಂತ ಮೇಷ್ಟ್ರನ್ನು ಕೇಳುತ್ತಾ ಇನ್ನೊಂದು ಮುದ್ದೆ ಇಟ್ಟರು.

ವಾಪಸು ಬರುವಾಗ ಗಾಳಿ ಎದುರು. ಬೆಳಿಗ್ಗೆ ಹಾರಿಬಂದ ದಾರಿಯಲ್ಲಿ ಈಗ ಇಳಿಜಾರಿನಲ್ಲೂ ತುಳಿಯಬೇಕು. ಹುಡುಗ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಒಬ್ಬರ ಹಿಂದಿನ ಗಾಲಿಗೆ ಇನ್ನೊಬ್ಬರ ಮುಂದಿನ ಗಾಲಿ ಗೇಣೆರಡು ಗೇಣು ದೂರ. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಮೂರರಲ್ಲೊಂದು ಪಾಲಿನವರೆಗೂ ಶ್ರಮ ಉಳಿಯುತ್ತದೆ. ದಣಿದವರು ಪಕ್ಕಕ್ಕೆ ಸರಿದು ಹಿಂದೆ ಸೇರಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅವನು ಬ್ರೆವೆ ಹೊಡೆದಿದ್ದ: 200 ಕಿಲೋಮೀಟರು, ಹದಿಮೂರೂವರೆ ಗಂಟೆಯೊಳಗೆ. ಅದು ಪಂದ್ಯವಲ್ಲ, ಗೆದ್ದವರು ಸೋತವರು ಅಂತಿಲ್ಲ, ಹೊತ್ತಿನೊಳಗೆ ಮುಟ್ಟಿದರೆ ಆಯಿತು. ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ವಾಪಸು, 1200 ಕಿಲೋಮೀಟರನ್ನು 90 ಗಂಟೆಯಲ್ಲಿ ಹೊಡೆಯುತ್ತಾರೆ, ನಮ್ಮ ದೇಶದವರೂ ಹೋಗುತ್ತಾರೆ ಅಂತ ಅವನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಪ್ರಶ್ನೆ ಕೇಳುತ್ತಲೇ ಇದ್ದರು.

ಅವತ್ತು ಸಾಲಿನ ಮುಂದೆ ಹೆಚ್ಚು ಹೊತ್ತು ಇದ್ದದ್ದು ಅಕ್ಕ. ಸೆರಗು ಸೊಂಟಕ್ಕೆ ಬಿಗಿದಿದ್ದರೋ, ಚೂಡಿದಾರ ತೊಟ್ಟಿದ್ದರೋ, ಅದು ಕಣ್ಣಿಗೆ ಕಟ್ಟುತ್ತಿಲ್ಲ. ಅವರ ಕಾಲಿನ ಲಯ ಮಾತ್ರ ಕಟ್ಟುತ್ತದೆ, ಏರಿರಲಿ ತಗ್ಗಿರಲಿ ಒಂದೇ ಸಮ. ಹೊತ್ತು ಮುಳುಗಿದ ಮೇಲೆ ಗಾಳಿ ತಗ್ಗಿತು. ಸೈಕಲ್ ಲೈಟು ಹಾಕಿಕೊಂಡು ಚಳ್ಳಕೆರೆ ಮುಟ್ಟಿದಾಗ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಟೀ ಕುಡಿಯುವಾಗ ಮೇಷ್ಟ್ರು ಮುಂದಿನ ಸಲ ನಾಯಕನಹಟ್ಟಿಗೆ ಹೋಗುವ ಮಾತೆತ್ತಿದರು. ಭಾನುವಾರ, ಆರು ಗಂಟೆಗೆ ಅಂತ ಎಲ್ಲರೂ ಒಪ್ಪಿಕೊಂಡೆವು. ಅಕ್ಕನಿಗೆ ಡ್ಯೂಟಿ ಇದ್ದದ್ದರಿಂದ ಅದು ಐದಕ್ಕೆ ಬಂತು.