ಕಾಡಿಗೆ ಗಾಜಿನಾಚೆಯ ಗೋಪುರ

ಹಂಪಿಯ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಮಂಟಪ. ಕಿಂಡಿಯಿಂದ ನುಸುಳಿದ ಬೆಳಕು ಪೂರ್ವದ ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಇಳಿಬಿಟ್ಟಿದೆ. ಸುತ್ತಲಿನವರೆಲ್ಲ ಮೊಬೈಲ್ ಎತ್ತಿದ್ದಾರೆ. ನನ್ನ ಕೈಯಲ್ಲಿರುವುದು ಮಸಿ ಹಿಡಿದ ಗಾಜಿನ ಪಟ್ಟಿ.

ನಿನ್ನೆ ರಾತ್ರಿ ಹೊಸಪೇಟೆಯ ಅಡುಗೆಮನೆಯಲ್ಲಿ ಅಜ್ಜಿ ಕಾಡಿಗೆಗೆಂದು ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿದ್ದಳು. "ಅಜ್ಜಿ, ಈ ಗಾಜಿಗೂ ಒಂಚೂರು ಹಿಡಿಲಾ?"

"ಹಿಡಿ, ಕೈ ಸುಟ್ಕೋಬ್ಯಾಡ. ಗ್ರಹಣ ನೋಡಾಕ ನಾವೂ ಹಿಂಗ ಮಾಡ್ತಿದ್ವಿ."

ಒಂದು ಅಂಚಿಗೆ ಮಸಿ ಗಟ್ಟಿಯಾಗಿ ಕೂತಿತು. ಇನ್ನೊಂದಕ್ಕೆ ಉಸಿರು ಬಿಟ್ಟಷ್ಟೇ ಮಬ್ಬು.

ಈಗ ಆ ತೆಳು ಅಂಚನ್ನು ಕಣ್ಣಿಗೆ ಹಿಡಿಯುತ್ತೇನೆ. ಗೋಪುರ ಕಪ್ಪಾಗುವುದಿಲ್ಲ, ಡಿಕಾಕ್ಷನ್‌ನಂತೆ ಕಂದಾಗುತ್ತದೆ. ಮೊದಲ ಗುಮಾನಿ ಸಂಡೂರಿನ ಗಣಿಗಳ ಮೇಲೆ. ಅದಿರಿನ ಕೆಂಪು ದೂಳೂ ನೀಲಿಯನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತದಲ್ಲ! ಬೆರಳು ಹಿಡಿದಿದ್ದ ಬರಿಗಾಜಿನ ತುದಿಯಲ್ಲಿ ನೋಡಿದೆ. ಗೋಪುರದ ಬಣ್ಣ ಇದ್ದ ಹಾಗೇ ಇದೆ. ಕಂದು ಮಸಿಯದೇ.

ಮಸಿಯಲ್ಲಿ ಇಂಗಾಲ ವಜ್ರದಂತೆ ಅಚ್ಚುಕಟ್ಟಾಗಿ ಕೂತಿಲ್ಲ. ಗ್ರಾಫೈಟಿನ ಪುಟ್ಟ ಚೂರುಗಳು ಅಡ್ಡಾದಿಡ್ಡಿ ಬಿದ್ದಿವೆ. ಚೂರು ಚಿಕ್ಕದಾದಷ್ಟೂ ಅದು ನೀಲಿಯ ಕಡೆಯ ಬೆಳಕನ್ನು ಹುಡುಕಿ ನುಂಗುತ್ತದೆ. ಇಂಥ ಅಸ್ಫಟಿಕ ವಸ್ತುಗಳ ಹೀರಿಕೆಗೆ ಭೌತವಿಜ್ಞಾನಿ ಯಾನ್ ಟೌಟ್ಸ್ 1966ರಲ್ಲಿ ಸೂತ್ರ ಕೊಟ್ಟರು. ಜೆಲ್ಲಿಸನ್ ಮತ್ತು ಮೋಡಿನ್ 1996ರಲ್ಲಿ ಅದನ್ನು ಎಲೆಕ್ಟ್ರಾನ್ ತೂಗಾಟದ ಲೊರೆಂಟ್ಸ್ ಮಾದರಿಗೆ ಜೋಡಿಸಿದರು. ಅದರಿಂದ ಪ್ರತಿ ತರಂಗಾಂತರಕ್ಕೂ ಎರಡು ಸಂಖ್ಯೆ ಸಿಗುತ್ತವೆ: ಬೆಳಕು ಎಷ್ಟು ಬಾಗುತ್ತದೆ, ಎಷ್ಟು ಹೀರಿಹೋಗುತ್ತದೆ. ಅಳೆದ ಗೆರೆಗೆ ಲೆಕ್ಕದ ಗೆರೆ ಕೂರುವ ತನಕ ತಿದ್ದುತ್ತಾರೆ. ಹಾರ್ಡ್ ಡಿಸ್ಕಿನ ಮೇಲಿನ ಇಂಗಾಲದ ಲೇಪಕ್ಕೆ ಈ ಲೆಕ್ಕ ಒಗ್ಗುತ್ತದೆ. ನನ್ನ ಗಾಜಿಗೆ ಅಷ್ಟು ಸಲೀಸಲ್ಲ: ಮಸಿ ಹತ್ತಿಯಂತೆ ಟೊಳ್ಳು, ಅರ್ಧಕ್ಕಿಂತ ಹೆಚ್ಚು ಗಾಳಿಯೇ. ದಪ್ಪವೂ ಗೊತ್ತಿಲ್ಲ. ದಪ್ಪ ಗೊತ್ತಿಲ್ಲದೆ ಹೀರಿಕೆ ಹೇಳುವುದೆಂದರೆ ಎಷ್ಟು ಮೊಳ ಅಂತ ಕೇಳದೆ ಮಲ್ಲಿಗೆಗೆ ದುಡ್ಡು ಕೊಟ್ಟ ಹಾಗೆ. ತೆಳುವಾದ ಕಡುಗಪ್ಪೂ ದಪ್ಪನೆಯ ತಿಳಿಗಪ್ಪೂ ಕಣ್ಣಿಗೆ ಒಂದೇ.

ಗಾಜನ್ನು ಗಟ್ಟಿ ಅಂಚಿನತ್ತ ಸರಿಸುತ್ತೇನೆ. ಶಿಖರ ಮೊದಲೇ ಮಾಯ, ಆಮೇಲೆ ಆಕಾಶದ ಬಿಳುಪೂ ಕೆಂಪಾಗಿ ನಂದುತ್ತದೆ. ಕಣ್ಣಿನ ಮಟ್ಟಿಗೆ ಬೆಳಕು ಅಲ್ಲಿಗೆ ಮುಗಿಯಿತು. ಮಸಿಯ ಮಟ್ಟಿಗೆ ಮುಗಿದಿಲ್ಲ: ತರಂಗಾಂತರ ಉದ್ದವಾದಷ್ಟೂ ಹೀರಿಕೆ ಸಡಿಲ, ಹಾಗಾಗಿ ಕಾಣದ ಅವಕೆಂಪು ಕಿರಣ ಕೆಂಪಿಗಿಂತ ಸಲೀಸಾಗಿ ದಾಟುತ್ತದೆ. ಸೂರ್ಯನತ್ತ ಹಿಡಿದರೆ ಅಪಾಯ ಅಲ್ಲೇ: ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ, ಸುಟ್ಟರೂ ತಿಳಿಯದು. ಮುಂದಿನ ಗ್ರಹಣಕ್ಕೆ ಮಕ್ಕಳ ಕೈಗೆ ಮಸಿ ಗಾಜು ಕೊಡಬೇಡಿ.